ಬೈಸಿಕಲ್ ಪಂದ್ಯವೂ ಮೈಕಟ್ಟೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಈ ಸಾರಿ ಆಟೋಟಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಸಂಪಾದಕವರ್ಗದವರು ಕೇಳಿಕೊಂಡಿದ್ದಾರೆ. ಕೊಡಗಿನಲ್ಲಿ ಆಟವೆಂದರೆ ಹಾಕಿ ಎಂದೇ ಅರ್ಥವು. ೧೯೯೭ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಅರಿಯದವರು ನಮ್ಮ ಜಿಲ್ಲೆಯಲ್ಲಿ ಇರಲಾರರು. ಆದರೂ ನಾನು ಇಲ್ಲಿ ಬರೆಯಬಯಸುವುದು ಬೈಸಿಕಲ್ ಪಂದ್ಯದ ವಿಷಯವನ್ನು. ಅದರಲ್ಲಿಯೂ ಪಂದ್ಯದ ಅಂತ್ಯದಲ್ಲಿ ಗುರಿಗೆರೆಯ ಕಡೆಗೆ ಸವಾರರು ತಮ್ಮ ಸರ್ವಶಕ್ತಿಯನ್ನೂ ಸುರಿದು ಧಾವಿಸುವ ಆ ಕೆಲವು ಕ್ಷಣಗಳ ವಿಷಯವನ್ನು. ಸ್ಪ್ರಿಂಟ್ ಎಂದು ಹೆಸರುಳ್ಳ ಈ ಬಿರುಸಿನ ಓಟದಲ್ಲಿ ದೇಹದ ಗಾತ್ರಕ್ಕೆ ಎಷ್ಟು ಬೆಲೆಯುಂಟೆಂಬ ಪ್ರಶ್ನೆಯು ನಮ್ಮ ಶಾಲೆಯ ಇಬ್ಬರು ಹೆಣ್ಣುಮಕ್ಕಳ ಮೂಲಕ ನನ್ನ ಮೇಜಿನ ಮುಂದೆ ಬಂದು ನಿಂತಿತು. ಹಲವು ವರುಷ ಗಣಿತವನ್ನೂ ವಿಜ್ಞಾನವನ್ನೂ ಕಲಿಸಿದ ನಾನು ಅದನ್ನು ಬರಿಯ ಸಮಾಧಾನದ ಮಾತಿನಿಂದ ತಳ್ಳಿಬಿಡಲಾರದೆ ಹೋದೆನು.

ಶನಿವಾರಸಂತೆಯ ಸುತ್ತಲಿನ ರಸ್ತೆಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಕೊಡ್ಲಿಪೇಟೆಯ ಕಡೆಗೆ ಹೋದರೂ ಸೋಮವಾರಪೇಟೆಯ ಕಡೆಗೆ ಹೋದರೂ ಒಂದು ಏರು ಮುಗಿಯುವಷ್ಟರಲ್ಲಿ ಒಂದು ಇಳಿಜಾರು, ಇಳಿಜಾರು ಮುಗಿಯುವಷ್ಟರಲ್ಲಿ ಮತ್ತೊಂದು ಏರು. ಮಳೆಗಾಲದಲ್ಲಿಯಂತೂ ಕೊಡೆ ಹಿಡಿದು ನಡೆಯುವುದೇ ಕಷ್ಟವು. ಆದರೂ ೨೦೦೬-೦೭ರಿಂದ ಹಲವು ವರುಷಗಳ ಕಾಲ ಸರಕಾರದವರು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲುಗಳನ್ನು ಕೊಟ್ಟುದರಿಂದ, ನಾಡಿನ ಎಷ್ಟೋ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಸೈಕಲ್ ತುಳಿಯುವುದು ಬೆರಗಿನ ಸಂಗತಿಯಾಗಿ ಉಳಿಯಲಿಲ್ಲ. ಅಣ್ಣಂದಿರ ದೊಡ್ಡ ಸೈಕಲ್ಲಿನ ಅಡ್ಡಕಂಬಿಯ ಕೆಳಗಿಂದ ಕಾಲು ತೂರಿಸಿ ತುಳಿಯುತ್ತಿದ್ದವರು ಈಗ ಸೀಟಿನ ಮೇಲೆ ಕುಳಿತರು. ಕುಳಿತವರಲ್ಲಿ ಕೆಲವರಿಗೆ ಪಂದ್ಯದ ಆಶೆಯೂ ಹುಟ್ಟಿತು.

ಕೆಲವು ವರುಷಗಳ ಹಿಂದೆ ಹೊರಗಿನಿಂದ ಬಂದ ಆಯ್ಕೆದಾರರೊಬ್ಬರ ಮುಂದೆ ನಮ್ಮ ಎಂಟನೆಯ ತರಗತಿಯ ಇಬ್ಬರು ಹುಡುಗಿಯರು ನಿಂತರು. ಒಬ್ಬಳು ಕಾಫಿ ತೋಟದ ಲೈನಿನಲ್ಲಿ ವಾಸಿಸುವ ಕೂಲಿಯವರ ಮಗಳು. ತೆಳ್ಳಗೆ, ಗಿಡ್ಡಗೆ ಇದ್ದಳು. ಮತ್ತೊಬ್ಬಳು ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದವಳು. ತರಗತಿಯಲ್ಲೆಲ್ಲಾ ಎತ್ತರದವಳು, ಮೈತುಂಬಿಕೊಂಡವಳು. ಆ ಮಹನೀಯರು ಇಬ್ಬರ ಎತ್ತರವನ್ನೂ ತೂಕವನ್ನೂ ಬರೆದುಕೊಂಡರು. ಮೊದಲನೆಯವಳಿಗೆ ತೀರ ಚಿಕ್ಕವಳೆಂದೂ, ಎರಡನೆಯವಳಿಗೆ ಹತ್ತು ಕಿಲೋ ಇಳಿಸಿಕೊಂಡು ಬಾ ಎಂದೂ ಹೇಳಿ ಹಿಂದಕ್ಕೆ ಕಳುಹಿಸಿದರು. ಇಬ್ಬರಲ್ಲಿ ಒಬ್ಬಳನ್ನಾದರೂ ಸೈಕಲ್ಲಿನ ಮೇಲೆ ಕೂರಿಸಿ ನೋಡಲಿಲ್ಲ.

ಮರುದಿನ ಚಿಕ್ಕವಳ ತಾಯಿ ಕೆಲಸ ಬಿಟ್ಟು ನನ್ನಲ್ಲಿಗೆ ಬಂದಳು. "ಟೀಚರಮ್ಮಾ, ಕುಳ್ಳಿಗೆ ಸೈಕಲ್ ಪಂದ್ಯ ಆಗೋದಿಲ್ವಂತೆ, ಹೌದಾ? ಹೌದು ಅಂದರೆ ಈಗಲೇ ಹೇಳಿಬಿಡಿ. ಇವಳು ಆಸೆ ಇಟ್ಟುಕೊಂಡು ಕೂತಿರೋದು ಬೇಡ" ಎಂದು ಕೇಳಿದಳು. ಅದಾಗಿ ಒಂದು ವಾರಕ್ಕೆ ದೊಡ್ಡವಳು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ತಲೆತಿರುಗಿ ಬಿದ್ದಳು. ವಿಚಾರಿಸಲಾಗಿ, ಅವಳು ಐದು ದಿನಗಳಿಂದ ಬೆಳಗಿನ ತಿಂಡಿಯನ್ನೂ ರಾತ್ರಿಯ ಅನ್ನವನ್ನೂ ಗೆಳತಿಯರ ತಟ್ಟೆಗೆ ದಾಟಿಸುತ್ತಿದ್ದಳೆಂದು ತಿಳಿದುಬಂತು. ಒಂದೇ ಪಂದ್ಯಕ್ಕೆ ಒಬ್ಬಳು ಕಡಿಮೆ, ಒಬ್ಬಳು ಹೆಚ್ಚು ಎಂದಾದರೆ ಸರಿಯಾದ ಅಳತೆ ಯಾವುದೆಂದು ತಿಳಿಯದೆ ಆ ತಾಯಿಗೆ ಉತ್ತರ ಹೇಳುವುದು ನ್ಯಾಯವಲ್ಲವೆಂದು ನನಗೆ ತೋರಿತು.

ದೇಹದ ಗಾತ್ರಕ್ಕೆ ಬೆಲೆಯೇ ಇಲ್ಲವೆನ್ನುವುದು ಸುಳ್ಳಾಗುತ್ತದೆ. ಆದರೆ ಎಷ್ಟು ಬೆಲೆಯೆಂಬುದನ್ನು ಲೆಕ್ಕ ಮಾಡಿ ನೋಡತಕ್ಕದ್ದು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ೪೦ ಕಿಲೋಮೀಟರ್ ವೇಗದಲ್ಲಿ ಹೋಗುವ ಸವಾರಳ ಶ್ರಮದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ವೇಗವು ಎರಡರಷ್ಟಾದರೆ ಗಾಳಿಯ ತಡೆಯು ನಾಲ್ಕರಷ್ಟಾಗುತ್ತದೆ. ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯವು ಎಂಟರಷ್ಟಾಗುತ್ತದೆ. ಇನ್ನು ದೇಹದ ವಿಷಯ. ಒಂದೇ ಅಚ್ಚಿನ ಎರಡು ಬೊಂಬೆಗಳಲ್ಲಿ ಒಂದರ ಎತ್ತರವು ಮತ್ತೊಂದರ ಎರಡರಷ್ಟಾದರೆ, ಗಾಳಿಗೆ ಎದುರಾಗುವ ಅದರ ಮುಂಭಾಗವು ನಾಲ್ಕರಷ್ಟಾಗುತ್ತದೆ, ತೂಕವಾದರೋ ಎಂಟರಷ್ಟಾಗುತ್ತದೆ. ಕ್ಷಣಕಾಲದ ಬಿರುಸಿಗೆ ಬೇಕಾದ ಸಾಮರ್ಥ್ಯವು ಮಾಂಸಖಂಡಗಳ ಮೊತ್ತವನ್ನು ಅನುಸರಿಸುವುದರಿಂದ, ದೊಡ್ಡ ದೇಹಕ್ಕೆ ತಡೆ ಹೆಚ್ಚುವುದಕ್ಕಿಂತ ಬಲವು ಹೆಚ್ಚು ಪ್ರಮಾಣದಲ್ಲಿ ಬೆಳೆಯುತ್ತದೆ. ಸಮತಟ್ಟಿನ ಓಟದಲ್ಲಿ ದೊಡ್ಡವರಿಗೆ ದೊರೆಯುವ ಅನುಕೂಲದ ಗುಟ್ಟು ಇದೇ.

ಈ ಅನುಕೂಲವನ್ನು ಹುಡುಗಿಯರೊಡನೆ ಕರಿಹಲಗೆಯ ಮೇಲೆ ಅಂಕಿಗಳಲ್ಲಿ ಬಿಡಿಸಿದೆನು. ಒಬ್ಬಳು ೪೦ ಕಿಲೋ, ಮತ್ತೊಬ್ಬಳು ೪೮ ಕಿಲೋ. ಮೈಕಟ್ಟು ಒಂದೇ ರೀತಿಯದು ಎಂದಿಟ್ಟುಕೊಳ್ಳಿರಿ. ಮೊದಲನೆಯವಳು ೧೪೫ ಸೆಂಟಿಮೀಟರ್ ಇದ್ದರೆ ಎರಡನೆಯವಳು ೧೫೪ ಇರುವಳು. ದೊಡ್ಡವಳ ಬಲವು ನೂರಕ್ಕೆ ೨೦ರಷ್ಟು ಹೆಚ್ಚು, ಗಾಳಿಗೆ ಒಡ್ಡುವ ಮೈ ನೂರಕ್ಕೆ ೧೩ರಷ್ಟು ಹೆಚ್ಚು. ವೇಗವು ಬಲದ ಘನಮೂಲವನ್ನು ಅನುಸರಿಸುವುದರಿಂದ, ಕೊನೆಗೆ ಅವಳಿಗೆ ಸಿಕ್ಕುವ ಲಾಭವು ನೂರಕ್ಕೆ ಎರಡು ಮಾತ್ರ. ೨೦೦ ಮೀಟರಿನ ಓಟದಲ್ಲಿ ಇದು ನಾಲ್ಕು ಮೀಟರ್. ಎಂದರೆ ಎರಡು ಸೈಕಲ್ಲುಗಳ ಉದ್ದಕ್ಕಿಂತ ಸ್ವಲ್ಪ ಹೆಚ್ಚು. ಗಾಲಿಯ ಅಂಚಿನಲ್ಲಿ ಸೋಲು ಗೆಲುವು ತೀರ್ಮಾನವಾಗುವ ಪಂದ್ಯದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಎಂಟು ಕಿಲೋ ತೂಕವು ನಮ್ಮ ಕಣ್ಣಿಗೆ ತೋರಿಸುವಷ್ಟು ದೊಡ್ಡ ಅಂತರವೂ ಇದಲ್ಲ.

ಮೇಲಾಗಿ, ಆ ನಾಲ್ಕು ಮೀಟರನ್ನು ಮರಳಿ ಪಡೆಯುವ ದಾರಿಗಳುಂಟು. ಚಿಕ್ಕವಳು ಮೊಣಕೈಗಳನ್ನು ಒಳಕ್ಕೆ ಮಡಿಸಿ, ಬೆನ್ನನ್ನು ಚಪ್ಪಟೆಯಾಗಿಸಿ, ತಲೆಯನ್ನು ತಗ್ಗಿಸಿ ತನ್ನ ಮುಂಭಾಗದ ಅಳತೆಯನ್ನು ನೂರಕ್ಕೆ ಆರರಷ್ಟು ಕಡಿಮೆ ಮಾಡಿಕೊಂಡರೆ ಲೆಕ್ಕವು ಸರಿಸಮವಾಗುತ್ತದೆ. ಮುಂದಿನ ಸವಾರಳ ಬೆನ್ನಿಗೆ ಹತ್ತಿಕೊಂಡು ಹೋಗುವುದು ಇನ್ನೊಂದು ದಾರಿ. ಹೀಗೆ ಹೋಗುವವಳಿಗೆ ಶ್ರಮದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಉಳಿತಾಯವಾಗುತ್ತದೆ. ಮುಂದಿರುವವಳು ದೊಡ್ಡವಳಾದಷ್ಟೂ ಹಿಂದಿನ ಚಿಕ್ಕವಳಿಗೆ ಮರೆ ಹೆಚ್ಚು.

ಮಕ್ಕಳು ಕಣ್ಣಾರೆ ಕಾಣದ ಸಂಗತಿಯನ್ನು ನಂಬುವುದು ಕಷ್ಟ. ಆದುದರಿಂದ ಒಂದು ಶನಿವಾರ ಮಧ್ಯಾಹ್ನ, ಸಂತೆಯ ಸದ್ದು ಕೇಳಿಸದ ಕಡೆಯಲ್ಲಿ ವಾಹನಗಳು ಬಾರದ ಒಂದು ಇಳಿಜಾರನ್ನು ಹುಡುಕಿ, ಬ್ರೇಕುಗಳನ್ನು ಪರೀಕ್ಷಿಸಿ, ಒಂದೇ ಸೈಕಲ್ಲಿನಲ್ಲಿ ಇಬ್ಬರನ್ನೂ ಸರದಿಯ ಮೇಲೆ ತುಳಿಯದೆ ಉರುಳಬಿಟ್ಟೆವು. ಸೈಕಲ್ ತಾನಾಗಿ ನಿಂತ ಕಡೆಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆವು. ಇಬ್ಬರೂ ನೆಟ್ಟಗೆ ಕುಳಿತಾಗ ದೊಡ್ಡವಳೇ ಮುಂದೆ ಹೋದಳು. ಆ ಮೇಲೆ ಚಿಕ್ಕವಳು ಹ್ಯಾಂಡಲ್ಲಿನ ಮೇಲೆ ಬಗ್ಗಿ ಕುಳಿತು ಹೊರಟಳು. ದೊಡ್ಡವಳ ಗೆರೆಯನ್ನು ದಾಟಿ ನಿಂತಳು. ಕೂಡಲೇ ದೊಡ್ಡವಳು "ಹಾಗಾದರೆ ನಾನೂ ಬಗ್ಗುತ್ತೇನೆ, ಟೀಚರ್" ಎಂದು ಹತ್ತಿ, ಬಗ್ಗಿಕೊಂಡೇ ಎಲ್ಲಾ ಗೆರೆಗಳನ್ನೂ ದಾಟಿಬಿಟ್ಟಳು! ನಕ್ಕು ಸುಸ್ತಾದೆವು. ಗಾತ್ರದ ಬೆಲೆಯೂ ನಿಜ, ಕುಶಲತೆಯ ಬೆಲೆಯೂ ನಿಜ ಎಂಬ ಪಾಠವನ್ನು ನನಗಿಂತ ಆ ಇಳಿಜಾರೇ ಚೆನ್ನಾಗಿ ಕಲಿಸಿತು.

ಲೋಕಪ್ರಸಿದ್ಧರಾದ ಸವಾರರನ್ನು ನೋಡಿದರೂ ಹೀಗೆಯೇ ಕಾಣುತ್ತದೆ. ಫ್ರಾನ್ಸ್ ದೇಶವನ್ನು ಸುಮಾರು ಮೂರು ವಾರಗಳಲ್ಲಿ ಸುತ್ತುವ ಟೂರ್ ಡಿ ಫ್ರಾನ್ಸ್ ಎಂಬ ಪಂದ್ಯವು ಬಹುಕಾಲದಿಂದ ಪ್ಯಾರಿಸ್ ನಗರದ ಷಾಂಜೆಲಿಜೆ ಎಂಬ ರಾಜಬೀದಿಯಲ್ಲಿ ಬಿರುಸಿನ ಓಟದೊಡನೆ ಮುಗಿಯುತ್ತಿದ್ದುದು ಪ್ರಸಿದ್ಧವಾಗಿದೆ. ೨೦೧೩ರಲ್ಲಿಯೂ ೨೦೧೪ರಲ್ಲಿಯೂ ಆ ಬೀದಿಯಲ್ಲಿ ಗೆದ್ದವರು ಜರ್ಮನಿಯ ಮಾರ್ಸೆಲ್ ಕಿಟ್ಟೆಲ್. ಅವರ ಎತ್ತರ ೧.೮೮ ಮೀಟರ್. ೨೦೧೯ರಲ್ಲಿ ಅದೇ ಬೀದಿಯಲ್ಲಿ ಗೆದ್ದವರು ಆಸ್ಟ್ರೇಲಿಯದ ಕೇಲೆಬ್ ಯೂವನ್. ಅವರ ಎತ್ತರ ೧.೬೫ ಮೀಟರ್. ಇಬ್ಬರ ನಡುವೆ ಒಂದು ಗೇಣಿನಷ್ಟು ಅಂತರ! ಕಿಟ್ಟೆಲ್ ಅವರದು ಬಲದ ಓಟವಾದರೆ, ಯೂವನ್ ಅವರು ಮೂಗು ಮುಂದಿನ ಗಾಲಿಗೆ ತಗಲುವುದೇನೋ ಎಂಬಷ್ಟು ಬಗ್ಗಿ ಗಾಳಿಯ ಕೆಳಗಿಂದ ನುಸುಳಿದವರು. ಇವರಿಬ್ಬರ ನಡುವಣ ಎತ್ತರದವರಾದ ಐಲ್ ಆಫ್ ಮ್ಯಾನ್ ದ್ವೀಪದ ಮಾರ್ಕ್ ಕ್ಯಾವೆಂಡಿಶ್ ಅವರು ೨೦೨೪ರ ಜುಲೈ ೩ರಂದು ಆ ಮಹಾಪಂದ್ಯದಲ್ಲಿ ತಮ್ಮ ೩೫ನೆಯ ಹಂತವನ್ನು ಗೆದ್ದು, ಬೆಲ್ಜಿಯಮಿನ ಎಡ್ಡಿ ಮರ್ಕ್ಸ್ ಅವರ ೩೪ರ ದಾಖಲೆಯನ್ನು ಮುರಿದರು. ಅವರು ತರುಣರಾಗಿದ್ದಾಗ ಪ್ರಯೋಗಶಾಲೆಯ ಪರೀಕ್ಷೆಗಳಲ್ಲಿ ಅವರ ಅಂಕಿಗಳು ಯಾರನ್ನೂ ಬೆರಗುಗೊಳಿಸಲಿಲ್ಲ. ಅಂಕಪಟ್ಟಿಗಳನ್ನು ಬರೆಯುವುದರಲ್ಲಿಯೇ ಕಾಲ ಕಳೆಯುವ ನಮ್ಮಂಥಾ ಉಪಾಧ್ಯಾಯಿನಿಯರು ಇದನ್ನು ನೆನಪಿನಲ್ಲಿಡತಕ್ಕದ್ದು.

ಆದರೆ ಎಲ್ಲಾ ಪಂದ್ಯಗಳೂ ಒಂದೇ ಅಲ್ಲ. ಮರದ ಹಲಗೆಗಳಿಂದ ಕಟ್ಟಿದ, ಬದಿಗಳು ಓರೆಯಾಗಿ ಏರಿರುವ ೨೫೦ ಮೀಟರಿನ ಅಂಡಾಕಾರದ ಪಥದಲ್ಲಿ ನಡೆಯುವ ಓಟಗಳಲ್ಲಿ ತುಂಬಿದ ತೊಡೆಗಳಿಗೂ ಭಾರವಾದ ಮೈಗೂ ನಿಜವಾಗಿಯೂ ಮೇಲುಗೈ. ೨೦೦೪ರಿಂದ ೨೦೧೨ರ ತನಕ ಆರು ಒಲಿಂಪಿಕ್ ಚಿನ್ನಗಳನ್ನು ಗೆದ್ದ ಸ್ಕಾಟ್ಲೆಂಡಿನ ಕ್ರಿಸ್ ಹೋಯ್ ಅವರ ತೂಕವು ೯೦ ಕಿಲೋಗೆ ಮೇಲ್ಪಟ್ಟಿತ್ತು. ನಮ್ಮ ದೊಡ್ಡ ಹುಡುಗಿಗೆ ತೂಕ ಇಳಿಸೆಂದು ಹೇಳಿದವರು ಅವರನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ ತಿಳಿಯದು. ಬೆಟ್ಟ ಹತ್ತುವ ಪಂದ್ಯದಲ್ಲಾದರೋ ನ್ಯಾಯವು ತಿರುಗಿಬೀಳುತ್ತದೆ. ದೀರ್ಘವಾದ ಏರಿನಲ್ಲಿ ಹೃದಯ ಶ್ವಾಸಕೋಶಗಳ ಬಲವೇ ಮುಖ್ಯ. ಅದು ತೂಕ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲವಾದ್ದರಿಂದ ಅಲ್ಲಿ ಹಗುರವಾದವರು ಮುಂದು. ಕ್ರಿಸ್ ಹೋಯ್ ಅವರಂಥವರನ್ನು ನಮ್ಮ ಘಟ್ಟದ ರಸ್ತೆಗೆ ತಂದರೆ ತೆಳ್ಳಗಿನ ಸವಾರರು ಅವರನ್ನು ಬಹುದೂರ ಹಿಂದಕ್ಕೆ ಬಿಡುವರು.

ನಮ್ಮ ದೇಶದ ಮಾತಿಗೆ ಬಂದರೆ, ಅಂಡಮಾನಿನ ಡೆಬೊರಾ ಹೆರಾಲ್ಡ್ ಅವರ ಹೆಸರನ್ನು ನಮ್ಮ ಹೆಣ್ಣುಮಕ್ಕಳು ಅರಿತಿರಬೇಕು. ೨೦೦೪ರ ಸುನಾಮಿಯಲ್ಲಿ ಮರವನ್ನು ಹಿಡಿದುಕೊಂಡು ಬದುಕುಳಿದ ಆ ಬಾಲಕಿಯು ೨೦೧೫ರಲ್ಲಿ ೫೦೦ ಮೀಟರಿನ ಓಟದ ವಿಶ್ವ ಶ್ರೇಯಾಂಕಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿದರು. ೨೦೧೯ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆನ್ ಡೆರ್ ಓಡರ್ ನಗರದಲ್ಲಿ ಅಂಡಮಾನಿನ ಈಸೋ ಆಲ್ಬೆನ್ ಅವರೂ ಮಣಿಪುರದ ರೊನಾಲ್ಡೊ ಸಿಂಗ್, ರೋಜಿತ್ ಸಿಂಗ್ ಅವರೂ ಕೂಡಿದ ಭಾರತದ ತಂಡವು ಕಿರಿಯರ ವಿಶ್ವ ಪಂದ್ಯದ ತಂಡ ಓಟದಲ್ಲಿ ಚಿನ್ನವನ್ನು ಗೆದ್ದಿತು. ನಮ್ಮ ನಾಡಿನೊಳಗೆ ರಾಷ್ಟ್ರೀಯ ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದವರಲ್ಲಿ ಬಹುಮಂದಿ ವಿಜಯಪುರ, ಬಾಗಲಕೋಟೆ ಸೀಮೆಯವರು; ಹೆಚ್ಚಾಗಿ ರೈತರ ಮಕ್ಕಳು. ಬಯಲುಸೀಮೆಯ ನೇರವಾದ ರಸ್ತೆ, ಎದುರುಗಾಳಿ, ಊರಿನ ಹಿರಿಯ ಸವಾರರ ಮೇಲ್ಪಂಕ್ತಿ ಇವುಗಳೇ ಅವರ ಗುರುಗಳು. ಆ ಸೀಮೆಯವರೇನೂ ಭೀಮಕಾಯರಲ್ಲ. ಬೆಟ್ಟದ ನಮಗೆ ಆ ಬಯಲಿಲ್ಲ. ಆದರೆ ಹಗುರವಾದ ಮೈಗೂ ಬಲವಾದ ಎದೆಗೂ ಈ ಏರುದಾರಿಗಳಿಗಿಂತ ಒಳ್ಳೆಯ ಪಾಠಶಾಲೆ ಬೇರಾವುದು?

ಇಲ್ಲಿ ತಾಯ್ತಂದೆಗಳ ಗಮನಕ್ಕೆ ಎರಡು ಸಂಗತಿಗಳನ್ನು ತರಬೇಕಾಗಿದೆ. ಮೊದಲನೆಯದು ಬೆಳವಣಿಗೆಯ ಮಾತು. ಹೆಣ್ಣುಮಕ್ಕಳು ಬಹುಮಟ್ಟಿಗೆ ಹನ್ನೊಂದು ಹನ್ನೆರಡನೆಯ ವಯಸ್ಸಿನಲ್ಲಿ ತಟ್ಟನೆ ಎತ್ತರವಾಗುತ್ತಾರೆ; ಕೆಲವರಲ್ಲಿ ಇದು ಎರಡು ವರುಷ ಮುಂಚೆ, ಕೆಲವರಲ್ಲಿ ಎರಡು ವರುಷ ತಡವಾಗಿ ಆಗುತ್ತದೆ. ಆದಕಾರಣ ಹದಿಮೂರನೆಯ ವಯಸ್ಸಿನಲ್ಲಿ ಒಂದೇ ಸಾಲಿನಲ್ಲಿ ನಿಂತವರು ವಯಸ್ಸಿನಲ್ಲಿ ಸಮಾನರೇ ಹೊರತು ಬೆಳವಣಿಗೆಯಲ್ಲಿ ಸಮಾನರಲ್ಲ. ಆ ದಿನದ ಅಳತೆಯಿಂದ ಆಯ್ದವರು ಬೇಗ ಬೆಳೆದವರನ್ನು ಆಯ್ದಂತಾಯಿತೇ ಹೊರತು ಚೆನ್ನಾಗಿ ತುಳಿಯುವವರನ್ನು ಆಯ್ದಂತಾಗಲಿಲ್ಲ. ತಡವಾಗಿ ಮೊಳೆಯುವ ಬೀಜವನ್ನು ಯಾವ ರೈತನೂ ಮೂರನೆಯ ದಿನ ಕಿತ್ತೆಸೆಯುವುದಿಲ್ಲ.

ಎರಡನೆಯದು ಅನ್ನದ ಮಾತು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ರಿಂದ ೧೯ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿಗೆ ರಕ್ತಹೀನತೆಯಿದೆ. ಇಂಥಾ ನಾಡಿನಲ್ಲಿ ಬೆಳೆಯುವ ಹುಡುಗಿಗೆ ತೂಕ ಇಳಿಸೆಂದು ವೈದ್ಯರನ್ನು ಕೇಳದೆ ಹೇಳುವುದು ಅಪಾಯಕರವು. ಶ್ರಮಕ್ಕೆ ತಕ್ಕ ಆಹಾರವಿಲ್ಲದ ಆಟಗಾರ್ತಿಯರಲ್ಲಿ ಮುಟ್ಟು ನಿಂತುಹೋಗುವುದು, ಎಲುಬುಗಳು ಬಲಗುಂದುವುದು, ಗಾಯಗಳು ಮಾಯದಿರುವುದು ಇವನ್ನು ಕುರಿತು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯವರೇ ೨೦೧೪ರಲ್ಲಿ ಎಚ್ಚರಿಕೆಯ ಹೇಳಿಕೆಯನ್ನು ಹೊರಡಿಸಿದರು. ಬಿರುಸಿನ ಓಟಕ್ಕೆ ಮಾಂಸಖಂಡವೇ ಬಂಡವಾಳ. ಉಪವಾಸವು ಕೊಬ್ಬಿನೊಡನೆ ಆ ಬಂಡವಾಳವನ್ನೂ ಕರಗಿಸುತ್ತದೆ. ನಮ್ಮ ದೊಡ್ಡ ಹುಡುಗಿಯನ್ನು ವೈದ್ಯರಲ್ಲಿಗೆ ಕರೆದೊಯ್ದೆವು. ರಕ್ತವು ಕಡಿಮೆಯಿದೆಯೆಂದು ತಿಳಿದು ಔಷಧವನ್ನು ಕೊಟ್ಟರು. ಅಂದಿನಿಂದ ಕೆಲವು ತಿಂಗಳು ಅವಳ ತಟ್ಟೆಯ ಪಕ್ಕದಲ್ಲಿಯೇ ನನ್ನ ತಟ್ಟೆಯನ್ನೂ ಇಟ್ಟುಕೊಂಡು ಉಂಡೆನು.

ಚಿಕ್ಕವಳ ತಾಯಿಗೆ ನಾನು ಹೇಳಿದ್ದು ಇಷ್ಟು: "ನೋಡಮ್ಮಾ, ಇವಳು ಇಷ್ಟೇ ಎತ್ತರಕ್ಕೆ ನಿಂತುಬಿಟ್ಟರೆ ಪಥದ ಮೇಲಿನ ಸಣ್ಣ ಓಟದಲ್ಲಿ ದೊಡ್ಡವರನ್ನು ಸೋಲಿಸುವುದು ಕಷ್ಟವೇ. ನಿಮಗೆ ಸುಳ್ಳು ಹೇಳುವುದಿಲ್ಲ. ಆದರೆ ರಸ್ತೆಯ ಪಂದ್ಯದ ಬಾಗಿಲು ತೆರೆದೇ ಇದೆ. ಇವಳು ಎಷ್ಟು ಬೆಳೆಯುತ್ತಾಳೆಂದು ಈಗ ಹೇಳಬಲ್ಲವರು ಯಾರೂ ಇಲ್ಲ. ಎರಡು ವರುಷ ತುಳಿಯಲಿ." ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ವರ್ಷ ಅಲ್ವಾ, ಆಗಲಿ" ಎಂದು ಹೇಳಿ ಕೆಲಸಕ್ಕೆ ಹೋದಳು. ದಿನಗೂಲಿಯ ಸಂಸಾರದಲ್ಲಿ ಎರಡು ವರುಷವೆಂಬುದು ಎಷ್ಟು ದೊಡ್ಡ ಕೊಡುಗೆಯೆಂಬುದನ್ನು ಓದುವವರು ಊಹಿಸಿಕೊಳ್ಳಬಹುದು.

ಹುಡುಗಿಯು ತುಳಿದಳು. ಮೊದಲು ಮಾಡಿದ ಕೆಲಸವೆಂದರೆ ಸೈಕಲ್ಲನ್ನು ಅವಳ ಅಳತೆಗೆ ತಂದದ್ದು. ಪೆಡಲು ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಬಾಗಿರುವಂತೆ ಸೀಟನ್ನು ಇಳಿಸಿದೆವು. ದೊಡ್ಡವರಿಗೆಂದು ಮಾಡಿದ ೧೭೦ ಮಿಲಿಮೀಟರಿನ ಪೆಡಲ್ ಕೋಲು ಗಿಡ್ಡ ಕಾಲಿಗೆ ಉದ್ದವಾಗುವುದರಿಂದ ಅದಕ್ಕಿಂತ ಗಿಡ್ಡವಾದುದನ್ನು ಹಾಕಿಸಿದೆವು. ಅವಳ ಮೈಗೂ ಯಂತ್ರಕ್ಕೂ ನಡೆಯುತ್ತಿದ್ದ ಜಗಳವು ಅರ್ಧ ನಿಂತಿತು. ವರುಷ ಕಳೆದು ರಸ್ತೆಯ ಪಂದ್ಯವೊಂದಕ್ಕೆ ಹೋದಳು. ಏರಿನಲ್ಲೆಲ್ಲಾ ಮುಂದಿದ್ದು, ಕೊನೆಯ ಸಮತಟ್ಟಿನಲ್ಲಿ ಇಬ್ಬರಿಗೆ ಸೋತು ಮೂರನೆಯವಳಾದಳು. ಹಿಂದಿರುಗಿ ಬಂದು ನನಗೆ ಹೇಳಿದ ಮಾತಿದು: "ಟೀಚರ್, ಕೊನೆಯ ತಿರುವಿನಲ್ಲಿ ನಾನು ಮುಂದೆ ಇದ್ದೆ. ಗಾಳಿಯೆಲ್ಲಾ ನಾನೇ ತಿಂದೆ. ಅವರ ಬೆನ್ನ ಹಿಂದೆ ಇರಬೇಕಿತ್ತು." ತಾನು ಕುಳ್ಳಿಯೆಂಬ ಮಾತು ಅವಳ ಬಾಯಿಂದ ಬರಲಿಲ್ಲ. ಸೋಲಿನ ಕಾರಣವನ್ನು ತಾನು ತಿದ್ದಿಕೊಳ್ಳಬಹುದಾದ ಕಡೆಯಲ್ಲಿ ಹುಡುಕುವಷ್ಟು ಅವಳು ಕಲಿತಿದ್ದಳು. ದೊಡ್ಡವಳು ರಕ್ತ ಕೂಡಿಕೊಂಡ ಮೇಲೆ ನಿಂತಲ್ಲಿಂದ ಚಿಮ್ಮುವ ಸಣ್ಣ ಓಟವನ್ನೇ ಆರಿಸಿಕೊಂಡಳು. ಶಾಲೆಯನ್ನು ಬಿಡುವ ತನಕ ಆ ಓಟದಲ್ಲಿ ಅವಳನ್ನು ನಮ್ಮಲ್ಲಿ ಯಾರೂ ಹಿಂದೆ ಹಾಕಲಿಲ್ಲ.

ಪ್ರಿಯ ಪೋಷಕರೇ, ನಿಮ್ಮ ಮಕ್ಕಳನ್ನು ಮನೆಯಲ್ಲಿ ಕುಳ್ಳಿಯೆಂದಾಗಲಿ ಡುಮ್ಮಿಯೆಂದಾಗಲಿ ಮುದ್ದಿಗೂ ಕರೆಯಬೇಡಿರಿ. ಅವರ ಎತ್ತರವನ್ನು ವರುಷಕ್ಕೆ ಎರಡು ಸಾರಿ ಬಾಗಿಲ ಚೌಕಟ್ಟಿನ ಮೇಲೆ ಗುರುತು ಮಾಡಿರಿ. ಆ ಗುರುತುಗಳು ಹತ್ತಾಗುವ ತನಕ ತೀರ್ಪನ್ನು ತಡೆದಿಡಿರಿ. ಯಾರಾದರೂ ನಿಮ್ಮ ಮಗಳನ್ನು ಆರಿಸದೆ ಕಳುಹಿಸಿದರೆ, ಅವಳು ತುಳಿಯುವುದನ್ನು ನೋಡಿದರೋ ಎಂದು ವಿನಯದಿಂದ ಕೇಳಿರಿ. ಹಳೆಯ ವಿದ್ಯಾರ್ಥಿನಿಯರೇ, ನೀವು ವರುಷ ವರುಷವೂ ಶಾಲೆಗೆ ಏನು ಕೊಡಲಿ ಎಂದು ಕೇಳುತ್ತೀರಿ. ನಮ್ಮಲ್ಲಿರುವ ಸೈಕಲ್ಲುಗಳೆಲ್ಲಾ ದೊಡ್ಡ ಚೌಕಟ್ಟಿನವು. ಚಿಕ್ಕ ಮೈಯವರಿಗೆ ಹೊಂದುವ ಎರಡು ಸೈಕಲ್ಲುಗಳನ್ನು ನೀವು ಕೂಡಿ ಕೊಡಿಸಿದರೆ, ಈ ವರುಷ ಎಂಟನೆಯ ತರಗತಿಗೆ ಬಂದಿರುವ ಪುಟ್ಟ ಪುಟ್ಟ ಹುಡುಗಿಯರು ಅವನ್ನು ತುಳಿಯಲು ಸಿದ್ಧರಾಗಿ ನಿಂತಿದ್ದಾರೆ.